ಕ್ಲಿಫರ್ಡ್ ಮೂರು ಸಲ ಕೆಳಗಿಳಿದದ್ದು

ಪರದೆಯ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಥೆಲ್ಮಾ ಮೂಸಿದಳು. ಸಿಗರೇಟಿನ ನಾತ. ಅದೂ ನಿನ್ನೆ ಮೊನ್ನೆಯದಲ್ಲ, ಹೋಟೆಲು ಕೋಣೆಗಳಲ್ಲಿ ಜನ ಹಾಸಿಗೆಯ ಮೇಲೆ ಮಲಗಿಕೊಂಡೇ ಹೊಗೆ ಬಿಡುತ್ತಿದ್ದ ಕಾಲದ್ದು. ಇಂಗ್ಲಿಷ್ ನಾಡಿನ ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದ ಹೆಂಗಸು ಅವಳು. ಬಟ್ಟೆಯನ್ನು ಬೆರಳ ನಡುವೆ ಉಜ್ಜಿದರೆ ಸಾಕು, ಅದು ಕುದಿನೀರು ಕಂಡು ಎಷ್ಟು ದಿನವಾಯಿತೆಂದು ಹೇಳಬಲ್ಲಳು. ಈ ಪರದೆಗೆ ನೀರೆಂದರೆ ಏನೆಂದೇ ಗೊತ್ತಿರಲಿಲ್ಲ.

ಕೋಣೆಯ ಉಳಿದ ಸಂಸಾರವೂ ಅದಕ್ಕೆ ತಕ್ಕಂತೆಯೇ ಇತ್ತು. ಜೋಡಿ ಹಾಸಿಗೆ ಎಂದು ಹೆಸರು. ನಿಜವಾಗಿ ನೋಡಿದರೆ ಎರಡು ಒಂಟಿ ಮಂಚಗಳನ್ನು ತಳ್ಳಿ ಪಕ್ಕಪಕ್ಕಕ್ಕೆ ನಿಲ್ಲಿಸಿದ್ದರು, ನಡುವೆ ಒಂದು ಕಾಲುವೆ. ಹೊದಿಕೆ ಕಂದು ಮತ್ತು ಕಿತ್ತಳೆ ಬಣ್ಣದ್ದು, ಅವಳ ಮದುವೆಯ ವರ್ಷ ಎಲ್ಲರ ಮನೆಯಲ್ಲೂ ಇದ್ದಂಥದು. ಆಮೇಲೆ ಎಲ್ಲರೂ ಎಸೆದರು, ಇವರು ಆರಿಸಿಟ್ಟುಕೊಂಡಿರಬೇಕು. ಫೋನು ಇತ್ತು, ಅದರ ತಂತಿ ಯಾವ ಗೋಡೆಗೂ ಹೋಗುತ್ತಿರಲಿಲ್ಲ. ಸ್ನಾನದ ಮನೆ ಪಾಚಿ ಹಸಿರು.

ಆ ಪಾಚಿಯೊಳಗಿಂದ ಅವಳ ಗಂಡ ಕ್ಲಿಫರ್ಡ್‌ನ ದನಿ ಬಂತು. ನಗರಸಭೆಯಲ್ಲಿ ಕಟ್ಟಡ ತಪಾಸಣೆ ಮಾಡುತ್ತಿದ್ದವನು, ನಿವೃತ್ತನಾಗಿ ಎಂಟು ವರ್ಷವಾದರೂ ಜೇಬಿನ ಟಾರ್ಚು ಬಿಟ್ಟಿರಲಿಲ್ಲ.

“ಥೆಲ್ಮಾ, ಬಾ ಇಲ್ಲಿ, ನೋಡು ಬಾ. ಇದನ್ನ ಗೋಡೆ ಅಂತಾರಾ? ಚಹಾದಲ್ಲಿ ಅದ್ದಿದ ಬಿಸ್ಕತ್ತು ಕಣೇ! ಬೆರಳಿಟ್ರೆ ಒಳಗೆ ಹೋಗುತ್ತೆ. ನಾನು ಕೆಲಸದಲ್ಲಿದ್ದಿದ್ರೆ ಇವತ್ತೇ ಬೀಗ ಜಡಿಸ್ತಿದ್ದೆ.”

“ಬೆರಳು ತೆಗಿ. ಪಕ್ಕದ ಕೋಣೆಯವರ ಕಣ್ಣಿಗೆ ಚುಚ್ಚೀತು.”

“ನಾಚಿಕೆ ಆಗ್ಬೇಕು ಇವರಿಗೆ! ದುಡ್ಡು ತಗೊಂಡು ಜನಾನ ಕೊಟ್ಟಿಗೆಗೆ ಕಟ್ತಾರೆ.”

ಗೋಡೆ, ಪರದೆ, ಕಾಲುವೆ ಎಲ್ಲವನ್ನೂ ಅವಳು ಹೇಗೋ ಸಹಿಸುತ್ತಿದ್ದಳು. ಸಹಿಸಲಾಗದ್ದು ಒಂದೇ. ಈ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು, ಅವಳ ಸೊಂಟದ ಕೀಲು ಬದಲಾಯಿಸಿ ಎಂಟು ತಿಂಗಳಷ್ಟೇ ಆಗಿತ್ತು.

ಆ ಎಂಟು ತಿಂಗಳು ಅವಳು ಕಂಡದ್ದು ಮನೆಯ ಮುಂದಿನ ಕಿಟಕಿ, ಹಿಂದಿನ ಕಿಟಕಿ, ಆಸ್ಪತ್ರೆಯ ದಾರಿ. ಕೋಲು ಹಿಡಿದು ಸಮನೆಲದಲ್ಲಿ ಚೆನ್ನಾಗಿ ನಡೆಯುವಂತಾದ ಮೇಲೆ ಮೊದಲ ತಿರುಗಾಟವೆಂದು ಬ್ರಸೆಲ್ಸಿಗೆ ಬಂದಿದ್ದರು, ಮೂರು ರಾತ್ರಿಗೆ. ಇಲ್ಲಿ ಒಂದು ಚೌಕದಲ್ಲಿ ಹಳೆಯ ಸಾಮಾನಿನ ಸಂತೆ ನಡೆಯುತ್ತದೆ. ಸತ್ತವರ ಮನೆಯ ಮೇಜುವಸ್ತ್ರ, ಕಸೂತಿಯ ದಿಂಬಿನ ಚೀಲ, ಲೇಸು ಎಲ್ಲವನ್ನೂ ಕಲ್ಲುಹಾಸಿನ ಮೇಲೆ ಸುರಿದು ಮಾರುತ್ತಾರೆ. ಅದರ ನಡುವೆ ಬಗ್ಗಿ ಬಗ್ಗಿ ಬಟ್ಟೆ ಮುಟ್ಟಿ ನೋಡಬೇಕೆಂಬುದೇ ಅವಳ ಆಸೆ. ಅದಕ್ಕಾಗಿಯೇ ನೆಲಮಹಡಿಯ ಕೋಣೆ ಬೇಕೆಂದು ಮೊದಲೇ ಬರೆಸಿದ್ದರು. ಆ ಕಾಗದ ಕ್ಲಿಫರ್ಡ್‌ನ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು.

ಗುರುವಾರ ಸಂಜೆ ಬಂದಿಳಿದಾಗ ಕೌಂಟರಿನಲ್ಲಿದ್ದ ಒದೀಲ್ ಎಂಬ ಹೆಂಗಸು ಅವನೊಡನೆ ಏನೋ ಮಾತಾಡಿದಳು. ಥೆಲ್ಮಾ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು. ಕ್ಲಿಫರ್ಡ್ ಬಂದು, “ಕೆಳಗಿನ ಕೋಣೇಲಿ ನಲ್ಲಿ ರಿಪೇರಿ ಅಂತೆ. ಒಂದು ರಾತ್ರಿ ಮೇಲೆ,” ಎಂದ. ಅರವತ್ತೆಂಟು ಮೆಟ್ಟಿಲು. ಪ್ರತಿ ತಿರುವಿನಲ್ಲೂ ಕೂತು, ಸುಧಾರಿಸಿಕೊಂಡು, ಅವಳು ಮೇಲೆ ಮುಟ್ಟುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಮರುದಿನ ಶುಕ್ರವಾರ ಇಡೀ ಹಗಲು ಸೊಂಟ ಹಿಡಿದುಕೊಂಡು ಮಲಗಿದ್ದೇ ಆಯಿತು. ಇಳಿದರೆ ಹತ್ತಬೇಕಲ್ಲ ಎಂಬ ಹೆದರಿಕೆಯಿಂದ ಇಳಿಯಲೇ ಇಲ್ಲ. ಈಗ ಶನಿವಾರ ಬೆಳಗಿನ ಹತ್ತೂಕಾಲು. ಸಂತೆ ಮಧ್ಯಾಹ್ನ ಎರಡಕ್ಕೆ ಎದ್ದುಬಿಡುತ್ತದೆ. ನಾಳೆ ಬೆಳಗ್ಗೆ ಊರಿನ ರೈಲು.

ಹಾಗೆಂದು ಕ್ಲಿಫರ್ಡ್ ಸುಮ್ಮನಿದ್ದನೆಂದಲ್ಲ. ಮೂರು ಸಲ ಕೆಳಗೆ ಹೋಗಿ ಬಂದಿದ್ದ.

ಶುಕ್ರವಾರ ಬೆಳಗ್ಗೆ, “ಇವತ್ತು ಅವಳಿಗೆ ಬಿಡಿಸಿ ಹೇಳ್ತೀನಿ ನೋಡು,” ಎಂದು ಟೈ ಕಟ್ಟಿಕೊಂಡು ಇಳಿದವನು ಎರಡು ತೆಳು ಟವೆಲು ಹಿಡಿದು ಬಂದ. ಜೊತೆಗೆ ತಿಂಡಿಯ ಮೇಜಿನಿಂದ ಕಾಗದದ ಕರವಸ್ತ್ರದಲ್ಲಿ ಸುತ್ತಿ ತಂದ ಬೇಯಿಸಿದ ಮೊಟ್ಟೆ, ಬೆವರುತ್ತಿದ್ದ ಎರಡು ತುಂಡು ಚೀಸು.

“ಕೋಣೆ?”

“ಕೇಳೋಣ ಅಂತಿದ್ದೆ. ಹಿಂದುಗಡೆ ಜರ್ಮನಿಯವರು ನಿಂತಿದ್ರು, ಅವಸರದಲ್ಲಿದ್ದ ಹಾಗಿತ್ತು. ನೀವು ಮೊದಲು ಅಂತ ಬಿಟ್ಟೆ.”

ಸಂಜೆ ಎರಡನೆಯ ಸಲ ಹೋದವನು ಊರಿನ ನಕ್ಷೆಯೊಂದನ್ನು ತಂದ. ನಾಲ್ಕನೆಯ ಮಹಡಿಯಿಂದ ಇಳಿಯಲಾರದವಳಿಗೆ ಊರಿನ ನಕ್ಷೆ! ಹಸಿದವನಿಗೆ ಊಟದ ಚಿತ್ರ ತೋರಿಸಿದಂತೆ. ಇವತ್ತು ಬೆಳಗ್ಗೆ ಮೂರನೆಯ ಸಲ ಹೋಗಿ, ರಾತ್ರಿ ಹೋಟೆಲಿನ ನೆಲಮಾಳಿಗೆಯಲ್ಲಿ ನಡೆಯುವ ಊಟಕ್ಕೆ ಎರಡು ಚೀಟಿ ಕೊಂಡು ತಂದ.

“ಬೇಡ ಅನ್ನೋಕೆ ಆಗ್ಲಿಲ್ಲ ಕಣೇ. ಅಷ್ಟು ಪ್ರೀತಿಯಿಂದ ಕೇಳಿದ್ಲು.”

“ಕೋಣೆ ಕೇಳಿದ್ಯಾ, ಕ್ಲಿಫ್?”

“ಸೂಚನೆ ಕೊಟ್ಟೆ.”

“ಏನಂತ?”

“ಮೆಟ್ಟಿಲು ಒಳ್ಳೆ ವ್ಯಾಯಾಮ ಆಗ್ತಿದೆ ಅಂತ. ಅರ್ಥ ಮಾಡ್ಕೊಳ್ಳೋರಿಗೆ ಅಷ್ಟು ಸಾಕು.”

ಹೀಗೆ ಹೇಳಿ ಅವನು ಟಾರ್ಚು ಹಿಡಿದು ಮತ್ತೆ ಸ್ನಾನದ ಮನೆಗೆ ನುಗ್ಗಿದ್ದ. ಈಗ ಅಲ್ಲಿಂದಲೇ ಒದೀಲ್‌ಳನ್ನು, ಅವಳ ಮಾಲೀಕನನ್ನು, ಬೆಲ್ಜಿಯಂ ದೇಶದ ಇಡೀ ಗಾರೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದ. ಉತ್ತರಕುಮಾರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ಕ್ಲಿಫರ್ಡ್‌ನದು ಪಾಚಿ ಬಣ್ಣದ ಕಮೋಡಿನ ಮುಂದೆ.

ಥೆಲ್ಮಾ ಮಂಚದ ಅಂಚಿನಲ್ಲಿ ಕೂತು ಲೆಕ್ಕ ಹಾಕಿದಳು. ಮಗಳ ಮದುವೆಯ ದಿನ ಸೂಪು ತಣ್ಣಗಿತ್ತು. ಬಡಿಸುವವನು ಹೇಗಿದೆ ಸಾರ್ ಎಂದಾಗ ಇವನು ಬಹಳ ಚೆನ್ನಾಗಿದೆ ಎಂದ, ಕಾರಿನಲ್ಲಿ ಮನೆ ಮುಟ್ಟುವ ತನಕ ಇವಳಿಗೆ ಸೂಪಿನ ಪುರಾಣ. ಕ್ಷೌರದವನು ಕಿವಿಯ ಮೇಲೆ ಕೂದಲು ಹಾರಿಸಿದಾಗ ಧನ್ಯವಾದ ಹೇಳಿ ಭಕ್ಷೀಸು ಕೊಟ್ಟ, ತಿಂಗಳಿಡೀ ಇವಳ ಮುಂದೆ ಕಿವಿ ತೋರಿಸಿಕೊಂಡು ತಿರುಗಿದ. ನಲವತ್ತಮೂರು ವರ್ಷದಲ್ಲಿ ಅವನು ಒಂದೇ ಒಂದು ದೂರನ್ನೂ ಕೊಡಬೇಕಾದ ಕಡೆ ಕೊಟ್ಟಿರಲಿಲ್ಲ. ಎಲ್ಲವನ್ನೂ ಹೊತ್ತು ತಂದು ಅವಳ ಕಿವಿಯಲ್ಲಿ ಸುರಿದಿದ್ದ. ಮೈಲಿಗೆ ಬಟ್ಟೆಯ ಬುಟ್ಟಿಯಂತೆ.

ತಪ್ಪು ಅವನೊಬ್ಬನದೇ ಎಂದು ಹೇಳುವಷ್ಟು ಸುಳ್ಳಿಯಲ್ಲ ಅವಳು. ಅವಳ ಊರಿನಲ್ಲಿ ಮಕ್ಕಳಿಗೆ ಮಾತು ಬರುವ ಮೊದಲು ಕಲಿಸುವುದೇ ಇದನ್ನು: ಯಾರೋ ನಿಮ್ಮ ಕಾಲು ತುಳಿದರೆ ಕ್ಷಮಿಸಿ ಎನ್ನಬೇಕಾದವರು ನೀವು. ಅವಳೂ ಎರಡು ದಿನ ಕೂತಲ್ಲೇ ಕೂತು ಗಂಡನನ್ನು ಕಳಿಸಿದ್ದಳೇ ಹೊರತು, ಮೆಟ್ಟಿಲ ಬಾಯಿಗೆ ಹೋಗಿ ಒಂದು ಕೂಗು ಹಾಕಿರಲಿಲ್ಲ. ಕೂಗುವುದೆಂದರೆ ಮೆಟ್ಟಿಲಿಗಿಂತ ಹೆಚ್ಚಿನ ಭಯ.

ಅವಳು ಕೋಲು ತೆಗೆದುಕೊಂಡಳು. ಕೋಟು ಹಾಕಿದಳು. ಕೈಚೀಲ ಹೆಗಲಿಗೆ ಏರಿಸಿದಳು.

“ಎಲ್ಲಿಗೆ?” ಕ್ಲಿಫರ್ಡ್ ಟಾರ್ಚು ಹಿಡಿದೇ ಹೊರಗೆ ಬಂದ.

“ಕೆಳಗೆ.”

“ಈ ಮೆಟ್ಟಿಲಲ್ಲಿ? ತಲೆ ಕೆಟ್ಟಿದ್ಯಾ? ನಾನೇ ಇನ್ನೊಂದ್ಸಲ ಹೋಗ್ತೀನಿ ಬಿಡು.”

“ನೀನು ಹೋದ್ರೆ ಈ ಸಲ ಏನು ತರ್ತೀಯೋ. ನಾಯಿಮರಿ?”

ಒಳ್ಳೆಯ ಕಾಲು ಸ್ವರ್ಗಕ್ಕೆ, ಕೆಟ್ಟ ಕಾಲು ನರಕಕ್ಕೆ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸಿದ ಹುಡುಗಿ ಹೇಳಿಕೊಟ್ಟಿದ್ದಳು. ಹತ್ತುವಾಗ ಒಳ್ಳೆಯದು ಮೊದಲು, ಇಳಿಯುವಾಗ ಕೆಟ್ಟದ್ದು ಮೊದಲು. ಥೆಲ್ಮಾ ಕೆಟ್ಟ ಕಾಲನ್ನು ಮುಂದಿಟ್ಟಳು. ಮೆಟ್ಟಿಲಿಗೆ ಹಾಸಿದ್ದ ಜಮಖಾನೆ ನಡುವೆ ಸವೆದು ಹಗ್ಗವಾಗಿತ್ತು, ಅಲ್ಲಲ್ಲಿ ಮೊಳೆ ಮೂತಿ ಎತ್ತಿತ್ತು. ಕೈಗಂಬಿ ಅಂಟಂಟು. ಗೋಡೆಯ ಉದ್ದಕ್ಕೂ ಈ ಊರಿನ ಹಳೆಯ ಚಿತ್ರಗಳು, ಒಂದೂ ನೆಟ್ಟಗೆ ನಿಂತಿರಲಿಲ್ಲ. ಮೂರನೆಯ ಮಹಡಿಯಲ್ಲಿ ಕೂತಳು. ಎರಡನೆಯದರಲ್ಲಿ ಕೂತಳು. ಹಿಂದೆ ಕ್ಲಿಫರ್ಡ್ ಪಿಸುಗುಟ್ಟುತ್ತಲೇ ಇದ್ದ.

“ಥೆಲ್ಮಾ, ಜಗಳ ಮಾಡ್ಬೇಡ. ಎಲ್ರೂ ನೋಡ್ತಾರೆ.”

“ಯಾರು ಎಲ್ರೂ?”

“ಆ ಜರ್ಮನಿಯವರು.”

“ಅವರು ನೆಲಮಹಡೀಲೇ ಇರ್ಬೇಕು, ಸುಖವಾಗಿ.”

ಕೆಳಗೆ ಕೌಂಟರಿನ ಹಿಂದೆ ಒದೀಲ್ ಏನೋ ಬರೆಯುತ್ತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕನ್ನಡಕ ಹಣೆಯ ಮೇಲೆ. ತಲೆ ಎತ್ತಿ ಒಳ್ಳೆಯ ಇಂಗ್ಲಿಷಿನಲ್ಲಿ, “ಬೆಳಗಿನ ವಂದನೆಗಳು, ಮೇಡಂ. ಎಲ್ಲ ಸರಿ ಇದೆಯಾ?” ಎಂದಳು.

ಥೆಲ್ಮಾಳ ನಾಲಿಗೆಯ ತುದಿಗೆ ಹುಟ್ಟಿನಿಂದ ಬಂದ ಉತ್ತರ ಬಂದು ನಿಂತಿತು. ಅವಳು ಅದನ್ನು ಮಾತ್ರೆಯಂತೆ ನುಂಗಿದಳು.

“ಇಲ್ಲ. ಸರಿ ಇಲ್ಲ. ನನ್ನ ಸೊಂಟಕ್ಕೆ ಆಪರೇಷನ್ ಆಗಿದೆ. ನಾವು ನೆಲಮಹಡಿ ಕೋಣೆ ಹೇಳಿದ್ವಿ, ಕಾಗದ ಇದೆ. ನನಗೆ ಮೆಟ್ಟಿಲು ಆಗಲ್ಲ. ಈಗಲೇ ಕೆಳಗಿನ ಕೋಣೆ ಕೊಡಿ. ನಿಮ್ಮ ಪರದೆ ಕೊಳಕಾಗಿದೆ, ಅದು ಬೇರೆ ಮಾತು.”

ಒದೀಲ್ ಸಿಟ್ಟಾಗಲಿಲ್ಲ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಥೆಲ್ಮಾಳ ಕೋಲನ್ನು ನೋಡಿದಳು. ಆಮೇಲೆ ಕ್ಲಿಫರ್ಡ್‌ನನ್ನು ನೋಡಿದಳು.

“ಆದರೆ ಕೋಣೆ ನಿನ್ನೆ ಬೆಳಗ್ಗೆಯಿಂದ ಖಾಲಿ ಇದೆ, ಮೇಡಂ. ನಲ್ಲಿ ಸರಿಯಾಯ್ತು. ನಾನು ಸಾಹೇಬರಿಗೆ ಹೇಳಿದೆನಲ್ಲ?”

“ಏನು ಹೇಳಿದ್ರಿ?”

“ಕೆಳಗೆ ಬರ್ತೀರಾ ಅಂತ ಕೇಳಿದೆ. ನಿಮಗೆ ತೊಂದರೆ ಇಲ್ಲದಿದ್ದರೆ ಮಾತ್ರ ಅಂದರು. ನನಗೆ ತೊಂದರೆ ಇತ್ತು, ಹಾಸಿಗೆ ಹಾಸಬೇಕಿತ್ತು. ಹಾಗಂತ ಹೇಳಿದೆ. ಸರಿ ಸರಿ, ಹಾಗಾದರೆ ಬೇಡವೇ ಬೇಡ, ಮೇಲೆ ತುಂಬ ಚೆನ್ನಾಗಿದೆ ಅಂದರು. ಇವತ್ತು ಬೆಳಗ್ಗೆ ಮತ್ತೆ ಕೇಳಿದೆ. ಮೆಟ್ಟಿಲು ಒಳ್ಳೆ ವ್ಯಾಯಾಮ ಅಂದರು. ಇಂಗ್ಲಿಷಿನವರಿಗೆ ವ್ಯಾಯಾಮ ಇಷ್ಟ ಅಂದುಕೊಂಡೆ.”

ಥೆಲ್ಮಾ ತಿರುಗಿ ಗಂಡನ ಮುಖ ನೋಡಿದಳು. ಅವನು ನಕ್ಷೆಗಳನ್ನಿಟ್ಟ ಕಪಾಟನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಕಿವಿ ಎರಡೂ ಕೆಂಪಗಾಗಿದ್ದವು. ಇವನು ಮೇಲೆ ಕೋಣೆಯಲ್ಲಿ ಮಾಡಿದ ಗರ್ಜನೆ ಏನು, ಬಿಸ್ಕತ್ತು ಏನು, ಕೊಟ್ಟಿಗೆ ಏನು! ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಸರಿಯಾಗಿ ತೊಳೆಯದ ಹಾಸುಬಟ್ಟೆಯನ್ನು ರಾಶಿಯಿಂದ ಎಳೆದು ಬದಿಗೆ ಹಾಕುವಾಗ ಬರುತ್ತಿದ್ದ ತಣ್ಣಗಿನ ತಾತ್ಸಾರ.

“ಬೀಗದ ಕೈ ಕೊಡಿ,” ಎಂದಳು.

ಒದೀಲ್ ಕೊಟ್ಟಳು, ಹಿತ್ತಾಳೆಯ ಗುಂಡಿಗೆ ಕಟ್ಟಿದ ಬೀಗದ ಕೈ. “ಹತ್ತು ನಿಮಿಷ ಕೊಡಿ, ಹಾಸಿಗೆ ಹಾಸಿಬಿಡ್ತೀನಿ. ಪರದೆ ಅಲ್ಲೂ ಅಂಥದೇ, ಮೇಡಂ. ಸುಳ್ಳು ಹೇಳಲ್ಲ.”

“ಗೊತ್ತಿತ್ತು ಬಿಡಿ. ಮುಟ್ಟಲ್ಲ ನಾನು.”

ಇಬ್ಬರು ಹೆಂಗಸರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಇಷ್ಟು ಸುಲಭವೇ ಎಂದು ಥೆಲ್ಮಾಳಿಗೆ ಆಶ್ಚರ್ಯ. ಬಾಯಿ ಬಿಟ್ಟು ಕೇಳಿದರೆ ಆಕಾಶ ಬೀಳಲಿಲ್ಲ, ಜರ್ಮನಿಯವರು ಹೊರಗೆ ಬರಲಿಲ್ಲ. ಕೈಗಡಿಯಾರ ಹತ್ತೂ ಐವತ್ತು ತೋರಿಸುತ್ತಿತ್ತು.

“ಆ ಸಂತೆಗೆ ಯಾವ ಬಸ್ಸು?”

“ಬಸ್ಸು ಯಾಕೆ? ಎಡಕ್ಕೆ ತಿರುಗಿ ನೇರ. ನಿಧಾನ ನಡೆದರೂ ಕಾಲು ಗಂಟೆ. ದಾರಿ ಸಮತಟ್ಟು, ನಡುವೆ ಬೆಂಚಿದೆ.”

“ನಾನೂ ಬರ್ತೀನಿ, ತಾಳು,” ಕ್ಲಿಫರ್ಡ್ ಚೇತರಿಸಿಕೊಂಡ. “ಟೋಪಿ ಮೇಲಿದೆ.”

“ಟೋಪಿ ಮಾತ್ರ ಅಲ್ಲ, ಪೆಟ್ಟಿಗೆಗಳೂ ಮೇಲಿವೆ. ಎರಡೂ ಇಳಿಸು. ನನ್ನ ಮಾತ್ರೆ ಡಬ್ಬಿ ಮರೀಬೇಡ. ಮನೆಯಿಂದ ತಂದ ಚಹಾ ಕೆಟಲು ಒದ್ದೆ ಇದ್ರೆ ಒರೆಸಿ ಸುತ್ತು.”

“ಅಷ್ಟೂ ನಾನೊಬ್ಬನೇನಾ? ಅರವತ್ತೆಂಟು ಮೆಟ್ಟಿಲು ಕಣೇ! ಏನು ದರಿದ್ರ ಹೋಟ್ಲು ಇದು, ಲಿಫ್ಟು ರಿಪೇರಿ ಮಾಡ್ಸೋಕೆ ಇವರಿಗೆ ಏನು ರೋಗ, ನಾನು ಕೆಲಸದಲ್ಲಿದ್ದಿದ್ರೆ...”

“ಅವರು ಅಲ್ಲೇ ಇದಾರೆ, ಕ್ಲಿಫ್. ಅವರಿಗೇ ಹೇಳು,” ಎಂದು ಥೆಲ್ಮಾ ಕೋಲಿನ ತುದಿಯಿಂದ ಕೌಂಟರನ್ನು ತೋರಿಸಿದಳು.

ಅವನು ಮೆಟ್ಟಿಲ ಕಡೆ ತಿರುಗಿದ.

ಅವಳು ಬಾಗಿಲು ತಳ್ಳಿ ಹೊಸ್ತಿಲು ದಾಟುತ್ತಿದ್ದಾಗ ಹಿಂದೆ ಒದೀಲ್ ಕೇಳಿದ್ದು ಸ್ಪಷ್ಟವಾಗಿ ಕಿವಿಗೆ ಬಿತ್ತು: “ಸಾಹೇಬರೇ, ಪೆಟ್ಟಿಗೆ ಇಳಿಸೋಕೆ ಅಡುಗೆಮನೆಯಿಂದ ಯಾರನ್ನಾದರೂ ಕಳಿಸಲಾ?”

“ಅಯ್ಯೋ, ಬೇಡ ಬೇಡ,” ಎಂದ ಕ್ಲಿಫರ್ಡ್. “ಏನೂ ತೊಂದರೆ ಇಲ್ಲ. ಕ್ಷಮಿಸಿ.”

ಥೆಲ್ಮಾ ನಿಲ್ಲಲಿಲ್ಲ. ಎಡಕ್ಕೆ ತಿರುಗಿದಳು. ಒಳ್ಳೆಯ ಬಟ್ಟೆಯೆಲ್ಲ ಮಾರಿಹೋಗುವ ಮೊದಲು ಅಲ್ಲಿಗೆ ತಲುಪಬೇಕಿತ್ತು.