ಒಂಟಿ ಕೋಣೆಯಿಂದ ಮನೆಗೆ ಬಂದ ರೂಫಸ್

ಪೂರ್ವ ಟೆಕ್ಸಾಸಿನ ನಮ್ಮ ಊರಿನಲ್ಲಿ ಮನೆಗೊಬ್ಬರು ಜೈಲಿನ ನೌಕರರು. ನಾನೂ ಇಪ್ಪತ್ತಾರು ವರ್ಷ ವಾರ್ಡರ್ ಆಗಿದ್ದವನು. ಭಾನುವಾರ ಚರ್ಚು ಮುಗಿಸಿ ತಂಗಿ ಲೂರ್ಲೀನಳ ಮನೆಯಲ್ಲಿ ಎಲ್ಲರೂ ಊಟ ಮಾಡುತ್ತೇವೆ. ಆ ಭಾನುವಾರ ಕರಿದ ಮೀನು; ಅವಳ ಮಗ ರೂಫಸ್‌ಗೆ ಇಷ್ಟವೆಂದು.

ಇಪ್ಪತ್ತನೇ ವಯಸ್ಸಿನಲ್ಲಿ ಕಾರು ಕದ್ದು ಜೈಲು ಸೇರಿದ್ದ ಹುಡುಗ. ಅಲ್ಲೊಂದು ಹೊಡೆದಾಟವಾಗಿ ಒಂಟಿ ಕೋಣೆಗೆ ಹಾಕಿದರು. ಎಂಟು ವರ್ಷ ಅಲ್ಲೇ ಇಟ್ಟರು. ಬಿಡುಗಡೆಯಾಗಿ ಮೂರು ದಿನವಾಗಿತ್ತು.

ಮೇಜಿನ ಸುತ್ತ ಮಾತು ಏರಿದ್ದೇ ತಡ, ರೂಫಸ್ ತಟ್ಟೆ ಎತ್ತಿಕೊಂಡು ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ.

"ಏನಪ್ಪಾ ಅಳಿಯ, ನಮ್ಮ ಜೊತೆ ಕೂತ್ರೆ ಮೀನು ಗಂಟಲಲ್ಲಿ ಇಳಿಯಲ್ವಾ?" ಎಂದು ನಾನು ನಕ್ಕೆ.

"ತಪ್ಪು ತಿಳ್ಕೋಬೇಡಿ ಮಾಮ," ಎಂದ ಒಳಗಿನಿಂದ. "ಅಲ್ಲಿ ಯಾರೂ ಇಲ್ದಾಗ್ಲೂ ಮಾತು ಕೇಳಿಸ್ತಿತ್ತು. ಈಗ ನೀವೆಲ್ಲಾ ಒಟ್ಟಿಗೆ ಮಾತಾಡಿದ್ರೆ ಯಾವ್ದು ನಿಜವಾದ್ದು ಅಂತ ಗೊತ್ತಾಗಲ್ಲ."

ನನ್ನ ನಗು ಅಲ್ಲೇ ನಿಂತಿತು.

"ಅಣ್ಣಾ," ಎಂದಳು ಲೂರ್ಲೀನ್. "ಇವನನ್ನ ಅಲ್ಲಿಗೆ ಹಾಕಿದಾಗ್ಲೇ ವಕೀಲರನ್ನ ಹಿಡೀಲಾ ಅಂತ ನಿನ್ನ ಕೇಳಿದ್ದೆ. 'ಬಿಡೇ, ಒಂಟಿ ಕೋಣೆ ಕ್ಷೇಮ, ಯಾರ ಕಾಟಾನೂ ಇರಲ್ಲ' ಅಂದೆ. ನಿನಗೆ ಗೊತ್ತಿರ್ಲಿಲ್ವಾ?"

ನನ್ನದು ಬೇರೆ ಜೈಲು, ಕೆಲಸ ಮಾತ್ರ ಅಂಥ ಕೋಣೆಗಳನ್ನು ಕಾಯುವುದೇ. ಗೋಡೆಗೆ ತಲೆ ಚಚ್ಚಿಕೊಳ್ಳುವವರನ್ನು, ಇಲ್ಲದ ಹೆಂಡತಿಯೊಡನೆ ಜಗಳವಾಡುವವರನ್ನು ಕಿಂಡಿಯಲ್ಲಿ ನೋಡಿ, ಹಾಳೆಯಲ್ಲಿ 'ಆರಾಮವಾಗಿದ್ದಾನೆ' ಎಂದು ಬರೆದು ಮುಂದಿನ ಬಾಗಿಲಿಗೆ ಹೋಗುತ್ತಿದ್ದೆ.

"ಗೊತ್ತಿತ್ತು ಕಣೇ."

ಅವಳು ಕೂಗಾಡಲಿಲ್ಲ. ತಟ್ಟೆ ತೆಗೆದುಕೊಂಡು ಬಚ್ಚಲುಮನೆಯ ಹೊರಗೆ ನೆಲದ ಮೇಲೆ ಕೂತಳು. "ಮಗಾ, ಇಲ್ಲಿ ನಾನೊಬ್ಳೇ ಇದೀನಿ. ನಾನೊಬ್ಳೇ ಮಾತಾಡ್ತೀನಿ, ಊಟ ಮಾಡು."

ಮರುತಿಂಗಳು, ಒಂಟಿ ಕೋಣೆಯ ವಾಸಕ್ಕೆ ಹದಿನೈದು ದಿನಗಳ ಮಿತಿ ಹಾಕುವ ಮಸೂದೆಯ ಬಗ್ಗೆ ಶಾಸಕರ ಸಮಿತಿ ಸಾಕ್ಷಿ ಕೇಳುತ್ತಿತ್ತು. ನಾನೂ ಹೋಗುತ್ತೇನೆಂದು ತಿಳಿದು, ಹಳೆಯ ಮೇಲಧಿಕಾರಿ ಹಾರ್ಲನ್ ಫೋನ್ ಮಾಡಿದ.

"ಬುದ್ಧಿ ಇದೆಯೇನಯ್ಯಾ? ಅಂಥೋರನ್ನ ಒಂಟಿ ಕೋಣೆಯಿಂದ ಹೊರಗೆ ಬಿಟ್ರೆ ವಾರ್ಡರುಗಳ ಗತಿ ಏನು?"

"ಕೈ ಮಾಡಿದೋರನ್ನ ಬೇರೆ ಇಡಿ, ಬೇಡ ಅಂದೋರ್ಯಾರು? ಹುಚ್ಚು ಹಿಡಿಸೋದ್ಯಾಕೆ? ಕೊನೆಗೆ ಅವ್ರು ಬರೋದು ನಮ್ಮ ಮನೆಗಳಿಗೇ ಅಲ್ವಾ?"

"ಇಷ್ಟು ದಿನ ಎಲ್ಲಿತ್ತೋ ಈ ಕರುಣೆ!" ಎಂದು ಫೋನ್ ಇಟ್ಟ.



ಸಮಿತಿಯ ಮುಂದೆ ಕಿಂಡಿಯಲ್ಲಿ ಕಂಡದ್ದು, ಹಾಳೆಯಲ್ಲಿ ಬರೆದದ್ದು ಎಲ್ಲ ಹೇಳಿದೆ. ಶಾಸಕಿಯೊಬ್ಬರು ಕೇಳಿದರು: "ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

ಹಿಂದಿನ ಸಾಲಿನಲ್ಲಿ ತಂಗಿ ಕೂತಿದ್ದಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ನೌಕರಿ ಹೋದೀತು ಅಂತ, ಮೇಡಂ. ನನ್ನ ಹೆಸರು ಓಡೆಲ್ ಪ್ರೂಯಿಟ್. ಹೆಸರು ಸಮೇತ ಬರ್ಕೊಳ್ಳಿ."