ಕಡೆಯ ಮೂರು ತುತ್ತು

ಸೊಸೆಯ ಹಣೆಗೆ ವಿಭೂತಿ ಎಳೆಯುತ್ತಿದ್ದ ಕೈಯನ್ನು ಅರ್ಧಕ್ಕೇ ಬಿಟ್ಟು ಇಂದ್ರವ್ವ ಮತ್ತೆ ಎದ್ದಳು. ಬೆಳಗಿನಿಂದ ಇದು ನಾಲ್ಕನೆಯ ಸಲ. ಪಡಸಾಲೆಯ ಗೋಡೆಗೆ ಆನಿಸಿ ಮಹೇಶ್ವರಿಯ ದೇಹವನ್ನು ಕೂರಿಸಿದ್ದರು. ಹಸಿರು ಇಳಕಲ್ ಸೀರೆ, ಕೊರಳ ತುಂಬ ಸೇವಂತಿಗೆ. ಸುತ್ತ ಕಮತಗಿಯ ಅರ್ಧ ಓಣಿಯೇ ನೆರೆದಿತ್ತು. ಎಂಬತ್ತು ದಾಟಿದ ಮುದುಕಿ ಯಾರದೋ ಭುಜ ಹಿಡಿದು, ಯಾರದೋ ಕಾಲು ತುಳಿದು ಅಡುಗೆಮನೆಗೆ ಹೋದಳು. ತೊಳೆದಿಟ್ಟ ಬೋಗುಣಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಇಟ್ಟಳು. ತಿರುಗಿ ಬಂದಳು.

ಅಮೀನಗಡದಿಂದ ಬಂದಿದ್ದ ಮಗಳು ಸುನಂದಾ ರಟ್ಟೆ ಹಿಡಿದು ಕೂರಿಸಿದಳು. "ಒಂದ್ಕಡೆ ಕುಂದ್ರು ಯವ್ವಾ."

ಕುಳಿತಳು. ಆದರೆ ಕಾಲ ಹೆಬ್ಬೆರಳು ನೆಲ ಕೆರೆಯುತ್ತಲೇ ಇತ್ತು.

ಆ ಹೊತ್ತಿಗೇ ಮಾತು ಬಂತು. ಮಹೇಶ್ವರಿ ಕಡೆಗೆ ಏನು ತಿಂದಿದ್ದಳು ಎಂದು ಸುನಂದಾ ಕೇಳಿದಳು. ಬಾಗಿಲ ಬಳಿ ನಿಂತಿದ್ದ ಮಹೇಶ್ವರಿಯ ಗಂಡ ಶಿವಪ್ರಕಾಶ, ಬ್ರೆಡ್ಡಿನ ಮೇಲೆ ಅಣಬಿ, ಅವ್ವ ಮಾಡಿಕೊಟ್ಟಳು ಎಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಂಗನವಾಡಿಯ ಆಯಾ ಶಾರವ್ವ ತಗ್ಗಿದ ದನಿಯಲ್ಲಿ, "ಬ್ಯಾನ್ಯಾಗ ಇದ್ದವ್ರಿಗೆ ಅದು ನಂಜು ಆಗತೈತಂತ" ಎಂದಳು.

ಹೊಟ್ಟೆಯ ಗಡ್ಡೆ ಲಿವರಿಗೆ ಹಬ್ಬಿದೆ, ಇನ್ನು ತಿಂಗಳೊಪ್ಪತ್ತು ಎಂದು ಬಾಗಲಕೋಟೆಯ ಡಾಕ್ಟರು ಹೇಳಿ ಕಳಿಸಿ ಇಪ್ಪತ್ತೆರಡು ದಿನವಾಗಿತ್ತು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇಂದ್ರವ್ವನಿಗೂ ಗೊತ್ತಿತ್ತು. ಆದರೂ ಶಾರವ್ವನ ಮಾತು ಕೇಳಿದ ಮೇಲೆ ಐದನೆಯ ಸಲ ಎದ್ದಳು.

*

ನಾಲ್ಕು ವರ್ಷದ ಹಿಂದೆ ಅಂಗನವಾಡಿ ಶಿಕ್ಷಕಿ ಮಹೇಶ್ವರಿ ಅಣಬೆ ಬೆಳೆಯುವ ಎರಡು ದಿನದ ತರಬೇತಿಗೆ ಬಾಗಲಕೋಟೆಗೆ ಹೋಗಿ, ಒಂದು ಚೀಲ ಬೀಜ ಹಿಡಿದು ಬಂದಿದ್ದಳು. ಹಿತ್ತಲ ಕೋಣೆಯಲ್ಲಿ ಹುಲ್ಲು ತುಂಬಿದ ಚೀಲಗಳನ್ನು ಇಳಿಬಿಟ್ಟಳು. ಇಪ್ಪತ್ತನೆಯ ದಿನಕ್ಕೆ ಚೀಲದ ತೂತುಗಳಿಂದ ಬಿಳಿ ಕಿವಿಗಳಂತೆ ಅಣಬೆ ಹೊರಬಂದವು.

ಇಂದ್ರವ್ವ ಕೋಣೆಯ ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಿಪ್ಪೆಯ ಮೇಲೆ ಏಳುವ ನಾಯಿಕೊಡೆ ಲಿಂಗ ಕಟ್ಟಿದವರ ಒಲೆಯ ಮೇಲೆ ಬರಬಾರದು ಎಂದಳು. ಮಹೇಶ್ವರಿ ವಾದ ಹಾಕಲಿಲ್ಲ. ಹಿಂದಿನ ಕಟ್ಟೆಯ ಮೇಲೆ ಸಣ್ಣದೊಂದು ಸ್ಟೋವ್ ತಂದಿಟ್ಟುಕೊಂಡಳು. ಭಾನುವಾರ ಬಸ್‌ಸ್ಟ್ಯಾಂಡಿನ ಬೇಕರಿಯ ಫರಹಾನಾ ಬ್ರೆಡ್ ಹಿಡಿದು ಬರುವಳು. ಬೆಣ್ಣೆಯಲ್ಲಿ ಬಳ್ಳೊಳ್ಳಿ, ಅಣಬೆ; ಮೇಲೆ ಸಬ್ಬಸಿಗೆ, ದೊಡ್ಡಪತ್ರೆ. ರೊಟ್ಟಿಯ ಹಂಚಿನಲ್ಲಿ ಬ್ರೆಡ್ಡು ಕೆಂಪಗಾಗುವುದು. ಇಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ತಿನ್ನುತ್ತ ನಗುವರು. ಒಳಗೆ ಇಂದ್ರವ್ವ ಕದ ಹಾಕಿಕೊಂಡು ಕೂರುವಳು. ಆ ದಿನ ಸೊಸೆಯ ಕೈಯಿಂದ ನೀರು ಸಹ ಮುಟ್ಟುತ್ತಿರಲಿಲ್ಲ. ನಾಲ್ಕು ವರ್ಷದ ಭಾನುವಾರಗಳು ಹೀಗೇ ಕಳೆದವು.

*

ಹನ್ನೆರಡಕ್ಕೆ ಫರಹಾನಾ ಬಂದಳು. ಇಂದ್ರವ್ವ ಅವಳಿಗಾಗಿಯೇ ಕಾದವಳಂತೆ ಎದ್ದು ಹೋದಳು. ಆದರೆ ಅಂಗನವಾಡಿಯ ಹೆಂಗಸರು ಫರಹಾನಾಳನ್ನು ತಬ್ಬಿಕೊಂಡು ಅಳತೊಡಗಿದರು. ನಡುವೆ ದಾರಿ ಸಿಗಲಿಲ್ಲ. ಆಮೇಲೆ ಮಠದ ಅಯ್ಯನವರು ಬಂದರು. ಉಡಿ ತುಂಬಲು ಅತ್ತೆಯನ್ನು ಕರೆದರು. ಅಕ್ಕಿ ಹಾಕುವಾಗಲೂ ಅವಳು ಫರಹಾನಾಳತ್ತಲೇ ನೋಡುತ್ತಿದ್ದಳು, ಅರ್ಧ ನೆಲಕ್ಕೆ ಬಿತ್ತು. ಮೂರಕ್ಕೆ ದೇಹ ಕೂರಿಸಿದ ಹೂವಿನ ವಿಮಾನವನ್ನು ಹೆಗಲಿಗೆ ಎತ್ತಿದರು. ದಾರಿಯಲ್ಲಿ ಭಜನೆಯವರ ಹಿಂದೆ ಫರಹಾನಾಳ ಕಪ್ಪು ದುಪಟ್ಟಾ ಕಾಣುತ್ತಿತ್ತು. ಇಂದ್ರವ್ವ ಮಗಳ ಕೈ ಬಿಡಿಸಿಕೊಂಡು ಮುಂದೆ ಹೋಗಲು ನೋಡಿದಳು. ಕಾಲು ಒಪ್ಪಲಿಲ್ಲ.

ಕುಣಿಯೊಳಗೆ ಸೊಸೆಯನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ಸುರಿದರು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಇಂದ್ರವ್ವ ಒಂದೇ ಹಿಡಿ ಹಾಕಿ ನಿಂತುಬಿಟ್ಟಳು.

*

ಹಿಂದಿನ ದಿನ ಮಧ್ಯಾಹ್ನ ಮಹೇಶ್ವರಿ ಮಂಚದಿಂದಲೇ ಕರೆದಿದ್ದಳು. ವಾರದಿಂದ ಗಂಜಿಯನ್ನೂ ತಳ್ಳುತ್ತಿದ್ದವಳು. "ಅತ್ತಿ, ಬ್ರೆಡ್ ಮ್ಯಾಲ ಅಣಬಿ ತಿನ್ನಬೇಕು ಅನಸತೈತ್ರಿ."

ಗಂಡ ಔಷಧಿ ತರಲು ಹೋಗಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಂದ್ರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹಿತ್ತಲ ಕೋಣೆಗೆ ಹೋಗಿ ಒಂದು ಗೊಂಚಲು ತಿರುವಿ ಕಿತ್ತು ತಂದಳು. ಫರಹಾನಾ ತಂದಿಟ್ಟಿದ್ದ ಬ್ರೆಡ್ಡು ಮನೆಯಲ್ಲಿತ್ತು. ಹಿಂದಿನ ಸ್ಟೋವಿಗೆ ಹೋಗಲಿಲ್ಲ. ಒಳಗಿನ ಒಲೆಯನ್ನೇ ಹಚ್ಚಿದಳು.

ಸೊಸೆ ಮಲಗಿದಲ್ಲಿಂದಲೇ ಹೇಳುತ್ತ ಹೋದಳು. ಬೆಣ್ಣೆ ಕರಗಲಿ. ಬಳ್ಳೊಳ್ಳಿ ಕೆಂಪಾಗಬಾರದು. ಅಣಬೆ ನೀರು ಬಿಡುತ್ತದೆ, ಅದು ಇಂಗುವವರೆಗೆ ಬಿಡಬೇಕು. ಸೊಪ್ಪು ಕಡೆಗೆ. ಮುದುಕಿ ಹೇಳಿದಂತೆಯೇ ಮಾಡಿದಳು. ಎಲ್ಲ ಅಡುಗೆಯಂತೆ ಒಂದು ತುಣುಕು ಅಂಗೈಗೆ ಹಾಕಿಕೊಂಡಳು, ಬಾಯಿಯವರೆಗೆ ತಂದಳು. ಆಗಲಿಲ್ಲ. ತಿರುಗಿ ಬೋಗುಣಿಗೇ ಹಾಕಿದಳು.

ಮಹೇಶ್ವರಿ ಮೂರು ತುತ್ತು ತಿಂದಳು. "ಚಲೋ ಆಗೇತ್ರಿ" ಎಂದಳು. ಫೋನ್ ಕೊಡಲು ಹೇಳಿ ಫರಹಾನಾಳಿಗೆ ಹಚ್ಚಿದಳು. ಇಂದ್ರವ್ವ ಬೋಗುಣಿ ತೊಳೆಯಲು ಹಿತ್ತಲಿಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಸೊಸೆಯ ಉಸಿರು ನಿಂತಿತ್ತು.

*

ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಒಳಗೆ ದೀಪ ನೋಡಿ ಹೊರಡುವುದಷ್ಟೇ ಉಳಿದಿತ್ತು. ಫರಹಾನಾ ಚಪ್ಪಲಿ ಹುಡುಕುತ್ತಿದ್ದಾಗ ಇಂದ್ರವ್ವ ಅವಳ ಕೈ ಹಿಡಿದು ಕಟ್ಟೆಯ ಮೂಲೆಗೆ ಎಳೆದೊಯ್ದಳು.

"ನಿನ್ನಿ ಆಕಿ ಫೋನ್ ಮಾಡಿದ್ಲಲ್ಲ. ಏನಂದ್ಲು? ಖರೆ ಹೇಳು. ನಾ ಮಾಡಿದ್ದು ಕೆಟ್ಟಿತ್ತೇನು? ನಾ ಬಾಯಾಗ ಹಾಕ್ಕೊಂಡು ನೋಡ್ಲಿಲ್ಲ."

ಫರಹಾನಾ ತಲೆ ತಗ್ಗಿಸಿದಳು. ಮುದುಕಿಯ ಉಗುರು ಅವಳ ಮುಂಗೈಗೆ ಒತ್ತುತ್ತಿತ್ತು.

"ಕೆಟ್ಟಿರಲಿಲ್ಲರಿ ಅಮ್ಮ. ಉಪ್ಪು ಹಾಕೂದು ಮರತಿದ್ರಂತ."

"ಉಪ್ಪು?"

"ಹೂಂರಿ. ಆಕಿ ಹೇಳೂದು ಮರತ್ಲು, ನೀವು ಹಾಕೂದು ಮರತ್ರಿ. 'ಅತ್ತಿ ನನಗ ಅಣಬಿ ಮಾಡಿಕೊಟ್ಟಾಳ, ಉಪ್ಪ ಇಲ್ಲ, ಹೇಳಿದ್ರ ನಾಳೆ ಮಾಡಂಗಿಲ್ಲ, ಹೇಳಬ್ಯಾಡ' ಅಂದು ನಕ್ಕಳು."

ಇಂದ್ರವ್ವನ ಹಿಡಿತ ಸಡಿಲಾಯಿತು. "ನಕ್ಕಳು?"

"ಭಾಳ ನಕ್ಕಳ್ರಿ. ಕೆಮ್ಮು ಬರೂತನಕಾ."

ದವಾಖಾನೆಯಿಂದ ಬಂದಮೇಲೆ ಆ ಮನೆಯಲ್ಲಿ ಯಾರೂ ಮಹೇಶ್ವರಿಯ ನಗು ಕೇಳಿರಲಿಲ್ಲ. ಹಿತ್ತಲಲ್ಲಿ ನಲ್ಲಿ ಬಿಟ್ಟು ಬೋಗುಣಿ ತಿಕ್ಕುತ್ತಿದ್ದ ಇಂದ್ರವ್ವನೂ ಕೇಳಿರಲಿಲ್ಲ.

"ಹೆಂಗ ನಕ್ಕಳು?" ಎಂದಳು. ಫರಹಾನಾಳಿಗೆ ಅರ್ಥವಾಗಲಿಲ್ಲ. "ನಕ್ಕು ತೋರ್ಸು."

ಫರಹಾನಾ ಅಂಗಳದ ಜನರತ್ತ ನೋಡಿದಳು. ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು, ತೆಗೆದಳು. ಮೊದಲ ಸಲ ಬರೀ ಉಸಿರು ಹೊರಟಿತು. ಎರಡನೆಯ ಸಲ ಬಂತು; ತಡೆದು ತಡೆದು ಏರಿ, ತುದಿಯಲ್ಲಿ ಬಿಕ್ಕಳಿಕೆಯಂತೆ ಮುರಿಯುವ ನಗು. ಕಾಲು ತೊಳೆಯುತ್ತಿದ್ದವರು ತಂಬಿಗೆ ಹಿಡಿದ ಕೈಯಲ್ಲೇ ತಿರುಗಿ ನೋಡಿದರು. ಶಿವಪ್ರಕಾಶ ಒಳಗಿನಿಂದ ಬಾಗಿಲಿಗೆ ಬಂದು ನಿಂತ. ಇಂದ್ರವ್ವ ಯಾರತ್ತಲೂ ನೋಡದೆ, ಚೆನ್ನಾಗಿ ಕೇಳಿಸುವ ಬಲಗಿವಿಯನ್ನು ಫರಹಾನಾಳ ಬಾಯಿಯ ಹತ್ತಿರ ತಂದಳು.

"ಇನ್ನೊಮ್ಮಿ" ಎಂದಳು.