ಬದೀರನನ್ನು ಕ್ಷಮಿಸಿದ ದಿನ

ಜನವರಿಯಲ್ಲಿ ಬರುವ ತೂಬಾ ತಿಂಗಳ ಚಳಿ. ಬಿಸಿಲು ಇನ್ನೂ ಓಣಿಗೆ ಇಳಿದಿರಲಿಲ್ಲ. ಎಲ್ಲರೂ ಉಸ್ತಾ ಎಂದು ಕರೆಯುವ ಬಡಗಿ ಮೇಸ್ತ್ರಿ ಫಿಕ್ರಿ ಸೋಫಾದ ಚೌಕಟ್ಟಿಗೆ, ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಪಿಸ್ತೂಲನ್ನು ಒತ್ತಿ ಹಿಡಿದಿದ್ದ. ಟ್ರಿಗರ್ ಎಳೆಯುವಷ್ಟರಲ್ಲಿ ಪಕ್ಕದ ಅಂಗಡಿಯ ಕಂಪ್ರೆಸರ್ ನಿಂತಿತು. ಆಮೇಲೆ ಎದುರಿನದು. ಆಮೇಲೆ ಅದರಾಚೆಯದು. ಈಜಿಪ್ಟಿನ ದಮಿಯಾತ್‌ನ ನಮ್ಮ ಬಡಗಿ ಓಣಿಯಲ್ಲಿ ಕೆಲಸದ ಹೊತ್ತಿನಲ್ಲಿ ಅವು ಹೀಗೆ ಸಾಲಾಗಿ ನಿಂತವೆಂದರೆ ಕರೆಂಟು ಹೋಗಿರಬೇಕು, ಇಲ್ಲವೆ ಯಾರೋ ಹೋಗಿರಬೇಕು. ತಲೆಯ ಮೇಲಿನ ದೀಪ ಉರಿಯುತ್ತಲೇ ಇತ್ತು.

ಫಿಕ್ರಿ ತನ್ನ ಕಂಪ್ರೆಸರನ್ನೂ ಆರಿಸಿ ಬಾಗಿಲಿಗೆ ಬಂದ. "ಯಾರು?"

ಎದುರಿನ ಅಂಗಡಿಯಲ್ಲಿ ಮೆತ್ತೆ ಹೊಲಿಯುವ ಬರಕಾತ್ ಹೊಸ್ತಿಲಲ್ಲೇ ನಿಂತಿದ್ದ. "ಬದೀರ್ ಕಣಯ್ಯಾ. ಪಿಸ್ತೂಲು ರಿಪೇರಿ ಬದೀರ್. ಬೆಳಗಿನ ನಮಾಜಿಗೆ ಎಬ್ಬಿಸೋಕೆ ಹೋದ್ರೆ ಎದ್ದೇ ಇಲ್ವಂತೆ."

ಮೋಟಾರುಗಳ ಗದ್ದಲ ಅಡಗಿದ ಮೇಲೆ ಒಂದೊಂದೇ ಅಂಗಡಿಯಿಂದ ಸುಯ್ ಎನ್ನುವ ಸಣ್ಣ ಸದ್ದು ಕೇಳತೊಡಗಿತು. ಕೊಳವೆಯ ಕೀಲಿನಲ್ಲೋ, ಪಿಸ್ತೂಲಿನ ಹೊಟ್ಟೆಯಲ್ಲೋ, ತುಂಬಿಟ್ಟ ಗಾಳಿ ಸೋರಿ ಹೋಗುತ್ತಿತ್ತು.

"ಕೇಳಿಸ್ಕೊ," ಎಂದ ಬರಕಾತ್. "ಓಣಿಗೆ ಓಣೀನೇ ಸೋರ್ತಾ ಇದೆ. ಅವನಿದ್ದಿದ್ರೆ ಇಲ್ಲೇ ನಿಂತ್ಕೊಂಡು ಯಾರ ಪಿಸ್ತೂಲು ಎಲ್ಲಿ ಸೋರ್ತಿದೆ ಅಂತ..." ಅಷ್ಟಕ್ಕೆ ಮಾತು ನುಂಗಿದ. ಫಿಕ್ರಿಯ ಹಿಂದೆ ಮಗ ವಜೀಹ್ ಪಾಲಿಶ್ ಬಟ್ಟೆ ಹಿಡಿದು ನಿಂತಿದ್ದ. ಅವನ ಎಡಗೈಯ ನಡುಬೆರಳು ಮಡಚಲಾರದೆ ನೆಟ್ಟಗೆ ಚಾಚಿತ್ತು. "ತಪ್ಪು ತಿಳ್ಕೋಬೇಡ ಮಗಾ. ಸತ್ತೋನು ಅಂತ ಒಂದು ಒಳ್ಳೇ ಮಾತು ಬಂತು, ಅಷ್ಟೇ."

"ಇರ್ಲಿ ಬಿಡಿ ದೊಡ್ಡಪ್ಪ," ಎಂದ ವಜೀಹ್.

ಸ್ವಲ್ಪ ಹೊತ್ತಿನಲ್ಲಿ ಬದೀರನ ತಮ್ಮ ಶಾಕಿರ್ ಬಂದ. ಒಳಗೆ ಕರೆದರೂ ಬರಲಿಲ್ಲ.

"ಉಸ್ತಾ, ನಮ್ಮತ್ತಿಗೆ ಕಳಿಸಿದ್ರು. ಮಧ್ಯಾಹ್ನ ಮಸೀದೀಲಿ ನಾನು ಎದ್ದು, ಅಣ್ಣನಿಂದ ಯಾರಿಗಾದ್ರೂ ಅನ್ಯಾಯ ಆಗಿದ್ರೆ ಕ್ಷಮಿಸಿ ಅಂತ ಕೇಳ್ಬೇಕಲ್ಲ. ಆಗ ನೀವು ಬಾಯ್ಬಿಟ್ಟು ಒಂದು ಮಾತು ಹೇಳ್ಬಿಡಿ. ಎಲ್ರೂ ಸುಮ್ನೆ ಗೊಣಗಿದ ಹಾಗಲ್ಲ, ನೀವು ಹೇಳಿದ್ದು ನಾಲ್ಕು ಜನಕ್ಕೆ ಕೇಳಿಸ್ಬೇಕು. ಅಣ್ಣ ಆ ಕೆಟ್ಟ ಹೆಸರು ಹೊತ್ಕೊಂಡು ಮಣ್ಣಿಗೆ ಹೋಗ್ಬಾರ್ದು ಅಂತ ಅತ್ತಿಗೆ ಅಳ್ತಿದಾರೆ."

ಫಿಕ್ರಿ ಮಗನ ಕಡೆಗೂ ನೋಡಲಿಲ್ಲ, ಶಾಕಿರನ ಕಡೆಗೂ ನೋಡಲಿಲ್ಲ. "ಬರ್ತೀನಿ," ಎಂದಷ್ಟೇ ಹೇಳಿದ.

*

ಬದೀರ್ ಇದ್ದಾಗ ಪಿಸ್ತೂಲು ಕೆಟ್ಟರೆ ಯಾರೂ ಹೊಸದು ತರುತ್ತಿರಲಿಲ್ಲ. ಅವನು ಅದನ್ನು ಕೊಳವೆಗೆ ಸಿಕ್ಕಿಸಿ, ಮಗುವಿನ ಎದೆಗೆ ಕಿವಿ ಕೊಡುವಂತೆ ಕಿವಿ ಕೊಡುತ್ತಿದ್ದ. ಆಮೇಲೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಸುತ್ತಲೂ ಆಡಿಸುತ್ತಿದ್ದ. ಸೋರುವ ಕಡೆ ಒದ್ದೆ ಕೈಗೆ ತಣ್ಣಗೆ ತಾಕುತ್ತದೆ. ಟ್ರಿಗರಿನ ಬಳಿ ತಾಕಿದರೆ ಅಲ್ಲಿನ ರಬ್ಬರ್ ಬಳೆ ಹೋಗಿದೆ, ತಲೆಯ ಮುಚ್ಚಳದಲ್ಲಿ ತಾಕಿದರೆ ಮೇಲಿನದು. ಟ್ರಿಗರ್ ಎಳೆದರೂ ಮೊಳೆ ಹಾರದಿದ್ದರೆ ಪಿಸ್ಟನ್ ಒಣಗಿದೆ.

ಬರಕಾತ್ ಒಮ್ಮೆ ಪಿಸ್ತೂಲಿಗೆ ಅಡುಗೆ ಎಣ್ಣೆ ಬಿಟ್ಟುಕೊಂಡು ತಂದಿದ್ದ. ಬದೀರ್ ಮೂಸಿ ನೋಡಿ, "ಇದಕ್ಕೆ ರಿಪೇರಿ ಬೇಡ ಕಣೋ, ಈರುಳ್ಳಿ ಹೆಚ್ಕೊಂಡು ಬಾ, ತಾಮಿಯಾ ವಡೆ ಕರಿಯೋಣ," ಎಂದಿದ್ದ. ಓಣಿ ಪೂರ್ತಿ ಆ ಮಾತು ಹೇಳಿಕೊಂಡು ನಕ್ಕಿತ್ತು.

ಅವನು ಗದರುತ್ತಿದ್ದುದು ಒಂದೇ ವಿಷಯಕ್ಕೆ. ಪಿಸ್ತೂಲಿನ ಮೂತಿಯಲ್ಲಿ ಒಂದು ಕಬ್ಬಿಣದ ನಾಲಿಗೆ ಇರುತ್ತದೆ. ಅದು ಮರಕ್ಕೆ ಒತ್ತಿಕೊಂಡರಷ್ಟೇ ಮೊಳೆ ಹಾರಬೇಕು. ಹಬ್ಬದ ಮುಂಚೆ, ಮದುವೆ ಸಾಮಾನಿನ ಅವಸರದಲ್ಲಿ, ನಮ್ಮವರು ಆ ನಾಲಿಗೆಯನ್ನು ಹಿಂದಕ್ಕೆ ಎಳೆದು ತಂತಿ ಬಿಗಿಯುತ್ತಿದ್ದರು. ಆಗ ಒತ್ತುವ ಗೋಜಿಲ್ಲ, ಸಲೀಸಾಗಿ ಹೊಡೆದುಕೊಂಡು ಹೋಗಬಹುದು. "ಬಿಗೀರಿ, ಬಿಗೀರಿ," ಎನ್ನುತ್ತಿದ್ದ ಬದೀರ್. "ನಾಯೀನ ಬಿಚ್ಚಿಬಿಟ್ಟು ಸರಪಳಿ ಎಲ್ಲಿ ಅಂತ ಆಮೇಲೆ ಹುಡುಕ್ತೀರಿ."

ವರ್ಷಗಳ ಹಿಂದೆ ಅಂಥ ಒಂದು ಹಬ್ಬದ ಮುಂಚೆ ಫಿಕ್ರಿಯೂ ಬಿಗಿದ. ಹಿಂದಿನ ದಿನವಷ್ಟೇ ಪಿಸ್ತೂಲು ಬದೀರನ ಕೈಯಿಂದ ಸರಿಯಾಗಿ ಬಂದಿತ್ತು. ಚೌಕಟ್ಟಿನ ಆಚೆ ಬದಿಯಲ್ಲಿ ವಜೀಹ್ ಕೀಲನ್ನು ಹಿಡಿದಿದ್ದ. ಆ ಹುಡುಗನ ಕೈಯಲ್ಲಿ ಕೆತ್ತನೆ ಇತ್ತು. ಬಳ್ಳಿ ಕೆತ್ತಿದರೆ ಗಾಳಿಗೆ ಅಲುಗಿದಂತೆ ಕಾಣುತ್ತಿತ್ತು. ಫಿಕ್ರಿ ಟ್ರಿಗರ್ ಎಳೆದ. ಪಿಸ್ತೂಲು ಒದೆದು ಮೇಲೆದ್ದು ಇನ್ನೊಂದು ಮೊಳೆಯನ್ನು ತಾನೇ ವಜೀಹನ ಎಡಗೈಗೆ ಉಗುಳಿತು.

ಬರಕಾತ್ ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಎಲ್ಲರೂ ಹಿಂದೆ ಓಡಿದರು. ಅಂಗಡಿಯಲ್ಲಿ ಒಬ್ಬನೇ ಉಳಿದ ಫಿಕ್ರಿ ಇಕ್ಕಳ ತೆಗೆದುಕೊಂಡು ತಂತಿಯನ್ನು ಕತ್ತರಿಸಿ, ಮರದ ಹೊಟ್ಟಿನಲ್ಲಿ ಹೂತು, ಆಮೇಲೆ ಓಡಿದ. ಆಸ್ಪತ್ರೆಯ ಬಾಗಿಲಲ್ಲಿ ಹೇಗಾಯಿತೆಂದು ಕೇಳಿದಾಗ, "ನಿನ್ನೆ ತಾನೇ ಬದೀರ್ ಹತ್ರದಿಂದ ತಂದಿದ್ದು," ಎಂದ. ಸುಳ್ಳೇನೂ ಹೇಳಲಿಲ್ಲ. ಉಳಿದದ್ದನ್ನು ಓಣಿಯೇ ಹೇಳಿಕೊಂಡಿತು.

ಬದೀರ್ ತಾನಾಗಿಯೇ ಫಿಕ್ರಿಯ ಅಂಗಡಿಗೆ ಬಂದ. ಕೈಗೆ ಬಟ್ಟೆ ಸುತ್ತಿಕೊಂಡು ವಜೀಹ್ ಅಪ್ಪನ ಪಕ್ಕದಲ್ಲಿ ಕೂತಿದ್ದ. ಬದೀರ್ ಪಿಸ್ತೂಲನ್ನು ತಿರುಗಿಸಿ ನೋಡಿದ. ನಾಲಿಗೆಯ ಮೇಲೆ ಅವನ ಹೆಬ್ಬೆರಳು ನಿಂತಿತು. ತಲೆಯೆತ್ತಿ ಫಿಕ್ರಿಯನ್ನು ನೋಡಿದ. ಆಮೇಲೆ ಹುಡುಗನನ್ನು ನೋಡಿದ.

"ನನ್ನ ಕೈ ತಪ್ಪಿರಬಹುದು," ಎಂದ. "ಬಿಚ್ಚಿ ನೋಡ್ತೀನಿ." ಪಿಸ್ತೂಲನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಅದನ್ನು ವಾಪಸು ಕೇಳಲು ಫಿಕ್ರಿ ಹೋಗಲಿಲ್ಲ. ಓಣಿಯೂ ಬದೀರನ ಕಡೆ ಹೋಗುವುದನ್ನು ಬಿಟ್ಟಿತು. ಅವನು ಸೇತುವೆಯ ಕೆಳಗೆ ಕೂತು ಸೈಕಲ್ ಪಂಪು, ಗ್ಯಾಸ್ ಒಲೆ ರಿಪೇರಿ ಮಾಡುತ್ತ ಮುದುಕನಾದ.

*

ಮಧ್ಯಾಹ್ನದ ನಮಾಜು ಮುಗಿಯಿತು. ಹಸಿರು ಬಟ್ಟೆ ಹೊದಿಸಿದ ಶವದ ಡೋಲಿ ಮುಂದೆ ಇತ್ತು. ಶಾಕಿರ್ ಎದ್ದು ನಿಂತ.

"ನಮ್ಮಣ್ಣ ಇಲ್ಲೇ ಹುಟ್ಟಿ ಇಲ್ಲೇ ಬೆಳೆದೋನು. ಯಾರ ಮನಸ್ಸಾದ್ರೂ ನೋಯಿಸಿದ್ರೆ, ಅವನ ಕೈಯಿಂದ ಯಾರಿಗಾದ್ರೂ ನೋವಾಗಿದ್ರೆ, ದೇವರಿಗೋಸ್ಕರ ಕ್ಷಮಿಸ್ಬಿಡಿ."

"ಕ್ಷಮಿಸಿದೀವಿ," ಎಂದು ಜನ ಗೊಣಗಿದರು. ತಲೆಗಳು ಒಂದೊಂದಾಗಿ ಫಿಕ್ರಿಯ ಕಡೆ ತಿರುಗಿದವು.

ಅವನು ಕೂತೇ ಇದ್ದ. ಪಕ್ಕದಿಂದ ವಜೀಹ್ ಎದ್ದ. ನೆಟ್ಟಗಿನ ಬೆರಳಿನ ಆ ಕೈಯನ್ನೇ ಎತ್ತಿ, "ಬದೀರ್ ದೊಡ್ಡಪ್ಪನ್ನ ನಾನು ಕ್ಷಮಿಸಿದೀನಿ. ಯಾವತ್ತೋ ಕ್ಷಮಿಸಿದೀನಿ," ಎಂದ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ಫಿಕ್ರಿ ಕಂಬ ಹಿಡಿದು ಎದ್ದ. "ನಾನು ಕ್ಷಮಿಸೋದೇನಿದೆ?" ಎಂದ. "ಅವನೇ ನನ್ನನ್ನ ಕ್ಷಮಿಸ್ಬೇಕು. ಅವನು ಏನೂ ತಪ್ಪು ಮಾಡಿಲ್ಲ. ತಪ್ಪು ನಂದು."

ಆಮೇಲೆ ಶಾಕಿರ್ ಬಂದು ಅವನ ಹೆಗಲು ತಬ್ಬಿ ನೆತ್ತಿಗೆ ಮುತ್ತಿಟ್ಟ. "ದೇವರು ನಿಮ್ಮನ್ನ ದೊಡ್ಡೋರು ಮಾಡ್ಲಿ ಉಸ್ತಾ. ನಮ್ಮ ಮಾನ ಉಳಿಸಿದ್ರಿ."

"ಅಲ್ಲಪ್ಪಾ, ನಿಜವಾಗ್ಲೂ..." ಎಂದ ಫಿಕ್ರಿ.

"ಸಾಕು, ಸಾಕು. ಎಷ್ಟು ಅಂತ ತಗ್ತೀರಿ? ಎಲ್ರಿಗೂ ಗೊತ್ತಾಯ್ತು."

ಡೋಲಿ ಮೇಲೆದ್ದಿತು. ಜನರೇ ಫಿಕ್ರಿಯನ್ನು ಮುಂದೆ ತಳ್ಳಿ ಮೊದಲ ಹೆಗಲು ಕೊಡಿಸಿದರು. ಸ್ಮಶಾನದ ಹಾದಿಯುದ್ದಕ್ಕೂ, "ಎಂಥ ಮನಸ್ಸು ನೋಡಿ, ಮಗನ ಕೈ ಹೋದ್ರೂ ತಪ್ಪು ತನ್ನ ಮೇಲೆ ಹಾಕ್ಕೊಂಡ," ಎಂಬ ಮಾತು ಅವನ ಕಿವಿಗೆ ಬೀಳುತ್ತಲೇ ಇತ್ತು. ಇನ್ನೊಮ್ಮೆ ಬಾಯಿ ಬಿಡುವ ಧೈರ್ಯ ಅವನಿಗೆ ಬರಲಿಲ್ಲ.

*

ಸಂಜೆ ಬದೀರನ ಮನೆಯ ಮುಂದೆ ಬಣ್ಣದ ಬಟ್ಟೆಯ ಚಪ್ಪರ ಕಟ್ಟಿದ್ದರು. ಸಕ್ಕರೆಯಿಲ್ಲದ ಕಾಫಿ ಕೊಡುತ್ತಿದ್ದರು. "ಅವನ ಉಳಿದ ಆಯಸ್ಸು ನಿಮಗೆ ಸೇರಲಿ," ಎಂದು ಎಲ್ಲರಂತೆ ಹೇಳಿ ಫಿಕ್ರಿ ಹೊರಡುವುದರಲ್ಲಿದ್ದ. ಬಾಗಿಲ ಮರೆಯಿಂದ ಬದೀರನ ಹೆಂಡತಿ ಉಮ್ಮ್ ಸನಾ ಕರೆದಳು. ಅವಳ ಕೈಯಲ್ಲಿ ಬಟ್ಟೆಯ ಗಂಟಿತ್ತು.

"ಇದು ನಿಮ್ಮದು, ಉಸ್ತಾ. ಸತ್ತೋರ ಮನೇಲಿ ಇನ್ನೊಬ್ರ ವಸ್ತು ಉಳೀಬಾರ್ದು. ಆವತ್ತೇ ರಿಪೇರಿ ಮಾಡಿಟ್ಟಿದ್ರು. ಕೊಟ್ಬಿಟ್ಟು ಬನ್ನಿ ಅಂದ್ರೆ, ಕೇಳ್ಕೊಂಡು ಅವನೇ ಬರ್ತಾನೆ ಅಂತಿದ್ರು." ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ಮಸೀದೀಲಿ ನೀವು ಹೇಳಿದ್ದು ಶಾಕಿರ್ ಹೇಳ್ದ. ನಿಮ್ಮ ಉಪಕಾರ ಮರೆಯಲ್ಲ."

ಫಿಕ್ರಿಯ ಕೈ ಮುಂದೆ ಬರಲಿಲ್ಲ. ವಜೀಹ್ ಗಂಟನ್ನು ತೆಗೆದುಕೊಂಡ.

ಓಣಿಯ ತಿರುವಿನ ದೀಪದ ಕೆಳಗೆ ಅವನು ಗಂಟು ಬಿಚ್ಚಿದ. ಪಿಸ್ತೂಲಿಗೆ ಎಣ್ಣೆ ಹಚ್ಚಿತ್ತು, ಎಲ್ಲೂ ತುಕ್ಕಿಲ್ಲ. ಮೂತಿಯ ನಾಲಿಗೆಯ ಮೇಲೆ ಮಾತ್ರ ಬಣ್ಣ ಕಿತ್ತು ತಂತಿ ಬಿಗಿದ ಗೆರೆ ಕಚ್ಚಿಕೊಂಡಿತ್ತು. ಬದೀರ್ ಅದನ್ನು ಉಜ್ಜಿರಲೂ ಇಲ್ಲ, ಅದರ ಮೇಲೆ ಬಣ್ಣ ಬಳಿದಿರಲೂ ಇಲ್ಲ. ವಜೀಹ್ ಮಡಚದ ಆ ಬೆರಳನ್ನೇ ಗೆರೆಯ ಮೇಲಿಟ್ಟು ಎಳೆದ. ಬಡಗಿಯ ಮಗನಿಗೆ ಬೇರೆ ಹೇಳಬೇಕಿರಲಿಲ್ಲ.

"ಅಪ್ಪಾ, ಮಸೀದೀಲಿ ಹೇಳಿದ್ದು ಮರ್ಯಾದೆಗೆ ಆಡಿದ ಮಾತಲ್ಲ, ಅಲ್ವಾ?"

"ಅಲ್ಲ ಮಗಾ."

"ನಾನು ಅವರನ್ನ ಕ್ಷಮಿಸಿದೆ. ಅಷ್ಟು ಜನರ ಮುಂದೆ, ಕೈಯೆತ್ತಿ."

ವಜೀಹ್ ಪಿಸ್ತೂಲನ್ನು ಹಾಗೆಯೇ ಸುತ್ತಿ, ಆ ಗೆರೆ ತೋರಿಸಲು ಮೊದಲು ಬರಕಾತನ ಬಾಗಿಲು ತಟ್ಟಿದ. ಅಲ್ಲಿಂದ ಮುಂದಿನದು. ಫಿಕ್ರಿ ಅವನನ್ನು ತಡೆಯಲಿಲ್ಲ. ದೀಪದ ಕೆಳಗೆ ತಲೆ ತಗ್ಗಿಸಿ ನಿಂತು, ಒಂದೊಂದೇ ಬಾಗಿಲು ತೆರೆಯುವ ಸದ್ದನ್ನು ಕೇಳಿಸಿಕೊಂಡ.

ಮರುದಿನ ಶುಕ್ರವಾರ, ಓಣಿಗೆ ರಜೆ. ಶನಿವಾರ ಬೆಳಿಗ್ಗೆ ವಜೀಹ್ ಗೂಡಿನಿಂದ ತನ್ನ ಚಹಾ ಲೋಟವನ್ನೂ, ಹಳೆಯ ಉಳಿಗಳನ್ನೂ ತೆಗೆದುಕೊಂಡು ಅಪ್ಪನ ಅಂಗಡಿ ಬಿಟ್ಟು ಹೋದ. ಅವನು ಹೋದ ಮೇಲೆ ಫಿಕ್ರಿ ಕಂಪ್ರೆಸರ್ ಆರಿಸಿದ. ಎಲ್ಲಿಂದಲೋ ಗಾಳಿ ಸೋರುತ್ತಿತ್ತು. ಬಕೆಟ್ಟಿನಲ್ಲಿ ಕೈ ಅದ್ದಿ, ಕೊಳವೆಯ ಉದ್ದಕ್ಕೂ ಮೆಲ್ಲಗೆ ಆಡಿಸಿದ. ಆ ಚಳಿಯಲ್ಲಿ ಒದ್ದೆ ಕೈಗೆ ಎಲ್ಲ ಕಡೆಯೂ ತಣ್ಣಗೇ ತಾಕುತ್ತಿತ್ತು.